ಇಂಟೆಲ್‌ನ ಯಾರಾದ್ರೂ ಕೊಂಡ್ಕೋತಾರಾ?

ಪ್ರಶ್ನೆ: ಮೊಬೈಲ್ ಚಿಪ್‌ನ ಕ್ವಾಲ್ಕಾಮ್, ಪಿಸಿ ಚಿಪ್ ಮಾಡೋ ಇಂಟೆಲ್‌ನ ಕೊಂಡ್ಕೊಳ್ಳುತ್ತಂತೆ ಅಂತ 2024ರಲ್ಲಿ ಸುದ್ದಿ ಬಂತು, 2025ರಲ್ಲಿ ನೋಡಿದ್ರೆ ಎಐ ಚಿಪ್‌ನ ಎನ್‌ವಿಡಿಯಾನೇ ಇಂಟೆಲ್‌ಗೆ ದುಡ್ಡು ಹಾಕ್ತೀನಿ ಅಂತು. ಹಿಂಗೇ ಹೋದ್ರೆ ಎಲ್ಲಾ ಸೇರಿ ಒಂದೇ ಕಂಪನಿ ಆಗೋಗಲ್ವಾ ಸರ್?

ಉತ್ತರ: ಅಷ್ಟು ಸಲೀಸಾಗಿ ಆಗಲ್ಲ. ಎನ್‌ವಿಡಿಯಾ ಹೇಳಿದ್ದು 500 ಕೋಟಿ ಡಾಲರ್‌ನ ಷೇರು ತಗೋತೀನಿ, ಜೊತೆಗೆ ಇಬ್ರೂ ಸೇರಿ ಚಿಪ್ ಮಾಡೋಣ ಅಂತ, ಇಡೀ ಕಂಪನಿ ತಗೋತೀನಿ ಅಂತಲ್ಲ. 1997ರಲ್ಲಿ ಮೈಕ್ರೋಸಾಫ್ಟ್ ಆಪಲ್‌ಗೆ 15 ಕೋಟಿ ಡಾಲರ್ ಹಾಕ್ದಾಗ್ಲೂ ಆಪಲ್ ಕಥೆ ಮುಗೀತು ಅಂದ್ಕೊಂಡೋರು ಇದ್ರು, ಆದ್ರೆ ಆ ಷೇರಿಗೆ ವೋಟೇ ಇರ್ಲಿಲ್ಲ, ಪೇಟೆಂಟ್ ಜಗಳ ಮುಗಿಸ್ಕೊಂಡು ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗೆ 5 ವರ್ಷ ಆಫೀಸ್ ಸಾಫ್ಟ್‌ವೇರ್ ಕೊಡ್ತೀವಿ ಅಂದಿದ್ದೇ ಅದ್ರಲ್ಲಿ ದೊಡ್ಡ ವಿಷ್ಯ.

ಇಂಟೆಲ್ ವಿಷಯದಲ್ಲಿ ಅಸಲಿ ಗಂಟು ಇರೋದು ಅದರ ಪ್ರತಿಸ್ಪರ್ಧಿ ಎಎಮ್‌ಡಿ ಜೊತೆಗಿನ ಲೈಸೆನ್ಸ್‌ನಲ್ಲಿ. ಎಕ್ಸ್86, ಅಂದ್ರೆ ಪಿಸಿ ಚಿಪ್‌ಗಳು ಅರ್ಥ ಮಾಡ್ಕೊಳ್ಳೋ ಆದೇಶಗಳ ಭಾಷೆ, ಇಂಟೆಲ್‌ದು, ಆದ್ರೆ ಅದನ್ನ 64 ಬಿಟ್‌ಗೆ ಬೆಳೆಸಿದ್ದು ಎಎಮ್‌ಡಿ, ಹಂಗಾಗಿ ಒಬ್ರ ಪೇಟೆಂಟ್ ಇನ್ನೊಬ್ರಿಗೆ ಬೇಕೇ ಬೇಕು. 2009ರಲ್ಲಿ ಮಾಡ್ಕೊಂಡ ಒಪ್ಪಂದದಲ್ಲಿ, ಇಬ್ರಲ್ಲಿ ಯಾವ ಕಂಪನಿ ಬೇರೆಯವರ ಕೈಗೆ ಹೋದ್ರೂ ಈ ಲೈಸೆನ್ಸ್ ಇಬ್ರಿಗೂ ರದ್ದು ಅಂತ ಬರ್ಕೊಂಡಿದಾರೆ. ಅಂದ್ರೆ ಇಂಟೆಲ್‌ನ ಪೂರ್ತಿ ಕೊಂಡ್ಕೊಳ್ಳೋರು ಮೊದ್ಲು ಎಎಮ್‌ಡಿ ಜೊತೆ ಕೂತು ಮಾತಾಡ್ಬೇಕು, ಇಲ್ದಿದ್ರೆ ಇವತ್ತಿನ ಪಿಸಿ ಚಿಪ್ ಮಾಡೋದೇ ಕಷ್ಟ! ಸುದ್ದಿಗಳಲ್ಲಿ ಇದು ಎಲ್ಲೋ ಕೊನೇ ಪ್ಯಾರಾದಲ್ಲಿ ಬರುತ್ತೆ, ನನ್ ಪ್ರಕಾರ ಮೊದ್ಲು ಹೇಳ್ಬೇಕಾದ್ದೇ ಇದು.

ಸರ್ಕಾರಗಳು ಬೇರೆ ಇದಾವೆ. 4000 ಕೋಟಿ ಡಾಲರ್‌ಗೆ ಚಿಪ್ ವಿನ್ಯಾಸ ಮಾಡೋ ಆರ್ಮ್ ಕಂಪನಿನ ತಗೋತೀನಿ ಅಂತ 2020ರಲ್ಲಿ ಹೊರಟಿದ್ದು ಇದೇ ಎನ್‌ವಿಡಿಯಾ, ವ್ಯಾಪಾರದಲ್ಲಿ ಪೈಪೋಟಿ ಕಾಯೋ ಅಮೆರಿಕ ಸರ್ಕಾರದ ಸಂಸ್ಥೆ ಎಫ್‌ಟಿಸಿ ಕೇಸ್ ಹಾಕ್ತು, 2022ರ ಫೆಬ್ರವರಿಲಿ ಕೈಬಿಟ್ರು. ಪೂರ್ತಿ ಕೊಳ್ಳಕ್ಕೆ ಆಗ್ದೇ ಇದ್ದಾಗ ಒಂದಿಷ್ಟು ಷೇರು, ಒಂದು ಒಪ್ಪಂದ ಅಂತ ಹೋಗೋದು ಇದಕ್ಕೇನೇ.

ಪ್ರಶ್ನೆ: ವಿಲೀನ ಆದ್ರೆ ನಮಗೇನು ನಷ್ಟ?

ಉತ್ತರ: ಒಳ್ಳೇ ಚಿಪ್ಪೇ ಕಳ್ಕೋಬಹುದು. ಡಿಇಸಿ ಅನ್ನೋ ಹಳೇ ಕಂಪ್ಯೂಟರ್ ಕಂಪನಿಯ ಆಲ್ಫಾ ಚಿಪ್ ಒಂದು ಕಾಲಕ್ಕೆ ಸ್ಪೀಡಲ್ಲಿ ಎಲ್ರಿಗಿಂತ ಮುಂದಿತ್ತು. 1998ರಲ್ಲಿ ಡಿಇಸಿನ ಪಿಸಿ ಕಂಪನಿ ಕಾಂಪ್ಯಾಕ್ ಕೊಂಡ್ತು, 2001ರಲ್ಲಿ ಆಲ್ಫಾ ಬಿಟ್ಟು ಇಂಟೆಲ್‌ನ ಇಟೇನಿಯಂ ಚಿಪ್‌ಗೆ ಹೋಗ್ತೀವಿ ಅಂತು, 2002ರಲ್ಲಿ ಕಾಂಪ್ಯಾಕನ್ನೇ ಎಚ್‌ಪಿ ತಗೊಂಡ್ತು. ಇಟೇನಿಯಮ್ಮೂ ಉಳೀಲಿಲ್ಲ. ಅಷ್ಟು ಒಳ್ಳೇ ಚಿಪ್ ಹಂಗೆ ಹೋಗಿದ್ದಕ್ಕೆ ನಂಗೆ ಈಗ್ಲೂ ಬೇಜಾರಿದೆ, ಕೊಂಡ್ಕೊಂಡೋರಿಗೆ ಬೇಕಾಗಿದ್ದು ಡಿಇಸಿಯ ಸರ್ವೀಸ್ ಬಿಸಿನೆಸ್ಸು, ಅದರ ದೊಡ್ಡ ದೊಡ್ಡ ಗಿರಾಕಿಗಳು.