ಅನ್ನ ಬಿಟ್ಟು ಮುದ್ದೆ ಹಿಡಿದರೂ ಊಟದ ನಂತರ ಶುಗರ್ 240 ಯಾಕೆ?

ಮುದ್ದೆಯ ಗಾತ್ರವೇ ಕಾರಣ ಇರಬೇಕು. ಅನ್ನ ಬಿಟ್ಟು ಎರಡು ಹೊತ್ತೂ ಎರಡೆರಡು ಮುದ್ದೆ ಅಂದಿದ್ದೀರಿ. 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ, ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ಮಂಡ್ಯದವನಾದ ನಾನೂ ಶುರುವಲ್ಲಿ ಇದೇ ತಪ್ಪು ಮಾಡಿದ್ದೆ.

ಮೊದಲು ಮಾತ್ರೆ ಚೀಟಿ ನೋಡಿ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಊಟ ಒಮ್ಮೆಲೇ ಇಳಿಸಬೇಡಿ, ಶುಗರ್ ತೀರಾ ಕೆಳಗೆ ಹೋಗಬಹುದು. ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಮೆಟ್‌ಫಾರ್ಮಿನ್ ಒಂದೇ ಆದರೆ ಆ ಭಯ ಕಡಿಮೆ.

ಆಮೇಲೆ ಹೊತ್ತಿಗೊಂದೇ ಮುದ್ದೆ, ಸಣ್ಣ ಕಿತ್ತಳೆ ಹಣ್ಣಿನಷ್ಟು. ಬಸ್ಸಾರಿಗೆ ಬಸಿದ ಸೊಪ್ಪು-ಕಾಳಿನ ಪಲ್ಯ ಅರ್ಧ ತಟ್ಟೆ ಬಡಿಸಿಕೊಳ್ಳಿ, ಬೇಕಾದರೆ ಒಂದು ಮೊಟ್ಟೆ. ಪಲ್ಯ ಮುಕ್ಕಾಲು ತಿಂದ ಮೇಲೇ ಮುದ್ದೆ ಮುರಿಯಿರಿ. ಊಟಕ್ಕೆ ಕೂತ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಮೀಟರ್‌ನಲ್ಲಿ ನೋಡಿ ಬರೆದಿಡಿ. ಮೂರು ದಿನ ಹೀಗೆ. ಮುಂದಿನ ಮೂರು ದಿನ ಅದೇ ಪಲ್ಯ, ಮುದ್ದೆ ಬದಲು ಸಣ್ಣ ಬಟ್ಟಲು ಅನ್ನ. ಯಾವುದು ಹಿಡಿಸುತ್ತೆ ಅನ್ನೋದು ಒಬ್ಬೊಬ್ಬರ ಮೈಗೆ ಒಂದೊಂದು ಥರ, ಮೀಟರೇ ಹೇಳಬೇಕು. ಸಾಮಾನ್ಯವಾಗಿ 180ರ ಒಳಗೆ ಬರಬೇಕು.

ಕಾಫಿಗೆ ಬೆಲ್ಲ ಹಾಕ್ತಿದ್ದರೆ ದಯವಿಟ್ಟು ಬಿಡಿ, ಅದೂ ಸಕ್ಕರೆಯಷ್ಟೇ ಏರಿಸುತ್ತೆ. ಆರು ದಿನವೂ 200 ದಾಟಿದರೆ ಬರೆದದ್ದನ್ನು ಡಾಕ್ಟರಿಗೆ ತೋರಿಸಿ, ಮಾತ್ರೆ ಬದಲಿಸಬೇಕೇ ಕೇಳಿ.