ಓದುಗರ ಪ್ರಶ್ನೆಗಳಿಗೆ ಉತ್ತರ: ಬೈಬಲಿನ ಚರಿತ್ರೆಯನ್ನು ಏಕೆ ನಂಬಬೇಕು?

ಪ್ರಶ್ನೆ: ನಾನು ಪದವಿ ತರಗತಿಯ ವಿದ್ಯಾರ್ಥಿನಿ. "ನಿಮ್ಮ ಬೈಬಲನ್ನು ನೂರಾರು ವರ್ಷ ಕೈಯಲ್ಲೇ ನಕಲು ಮಾಡುತ್ತಾ ಬಂದಿದ್ದಾರೆ, ಮೂಲದಲ್ಲಿ ಏನಿತ್ತೆಂದು ಈಗ ಯಾರಿಗೂ ಗೊತ್ತಿಲ್ಲ" ಎಂದು ಸಹಪಾಠಿಗಳು ಹೇಳುತ್ತಾರೆ. ನಾನು ಏನು ಉತ್ತರ ಕೊಡಲಿ? (ಹಾಸನದ ಓದುಗರು)

ಉತ್ತರ: ಪ್ರಿಯ ಸಹೋದರಿ, ಅವರ ಮಾತಿನ ಮೊದಲರ್ಧ ನಿಜ, ಅದನ್ನು ಅಲ್ಲಗಳೆಯಲು ಹೋಗಬೇಡಿ. ಅಪೊಸ್ತಲರು ಬರೆದ ಅಥವಾ ಬರೆಸಿದ ಮೂಲಪ್ರತಿ ಒಂದೂ ಉಳಿದಿಲ್ಲ, ನಮ್ಮ ಬಳಿ ಇರುವುದೆಲ್ಲ ನಕಲುಗಳೇ. ಆದರೆ ಇದರಿಂದ ಮೂಲವು ಅಳಿದೇ ಹೋಯಿತೆಂದು ತೀರ್ಮಾನಿಸುವಂತಿಲ್ಲ. ಒಂದೇ ಒಂದು ಪ್ರತಿ ಒಬ್ಬನ ವಶದಲ್ಲಿ ಉಳಿದುಬಂದಿದ್ದರೆ, ಅವನು ಏನನ್ನು ತಿದ್ದಿದ್ದರೂ ನಮಗೆ ತಿಳಿಯುತ್ತಿರಲಿಲ್ಲ. ಹೊಸ ಒಡಂಬಡಿಕೆಯದಾದರೋ, ಪೂರ್ಣವಾಗಿಯೋ ತುಣುಕಾಗಿಯೋ 5,000ಕ್ಕೂ ಹೆಚ್ಚು ಗ್ರೀಕ್ ಹಸ್ತಪ್ರತಿಗಳು ಉಳಿದಿವೆ. ಇವುಗಳಲ್ಲಿ ಬಹುಪಾಲು ಮಧ್ಯಯುಗದವು. ಆದರೂ 2 ಮತ್ತು 3ನೇ ಶತಮಾನದ ಪಪೈರಸ್ ಹಾಳೆಗಳೂ, 4ನೇ ಶತಮಾನದ ದೊಡ್ಡ ಸಂಪುಟಗಳೂ, ಲ್ಯಾಟಿನ್, ಸಿರಿಯಕ್, ಕಾಪ್ಟಿಕ್ ಭಾಷೆಗಳ ಪ್ರಾಚೀನ ಅನುವಾದಗಳೂ ಅವುಗಳ ಪಕ್ಕದಲ್ಲಿವೆ. ಈಜಿಪ್ಟಿನಲ್ಲಿ ಕುಳಿತು ಒಂದು ಪ್ರತಿಯನ್ನು ತಿದ್ದಿದವನ ಕೈ ಸಿರಿಯದ ಸಭೆಯ ಪ್ರತಿಯನ್ನಾಗಲಿ ರೋಮಿನ ಸಭೆಯ ಪ್ರತಿಯನ್ನಾಗಲಿ ಮುಟ್ಟಲು ಸಾಧ್ಯವಿರಲಿಲ್ಲ. ಹಳೆಗನ್ನಡ ಕಾವ್ಯಗಳನ್ನು ಸಂಪಾದಿಸಿದ ನಮ್ಮ ವಿದ್ವಾಂಸರು ಬೇರೆ ಬೇರೆ ಊರುಗಳ ಓಲೆಗರಿ ಪ್ರತಿಗಳನ್ನು ಎದುರುಬದುರು ಇಟ್ಟು, ಲಿಪಿಕಾರ ಎಲ್ಲಿ ತಪ್ಪಿದನೆಂದು ಗುರುತಿಸಿ ಮೂಲಪಾಠವನ್ನು ನಿರ್ಣಯಿಸಿದರಲ್ಲವೇ? ಇಲ್ಲಿಯೂ ನಡೆದಿರುವುದು ಅದೇ ಕೆಲಸ, ಬಹಳ ಹೆಚ್ಚಿನ ಪ್ರತಿಗಳನ್ನಿಟ್ಟುಕೊಂಡು.

ಪಾಠಾಂತರಗಳು ಸಾವಿರಾರು ಇವೆ ಎಂಬುದೂ ನಿಜ. ಅಕ್ಷರ ಬಿಟ್ಟುಹೋದದ್ದು, ಪದ ಹಿಂದುಮುಂದಾದದ್ದು, ಕಾಗುಣಿತದ ವ್ಯತ್ಯಾಸ ಇವೇ ಅವುಗಳಲ್ಲಿ ಹೆಚ್ಚು. ದೊಡ್ಡವೂ ಇವೆ: ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು 4ನೇ ಶತಮಾನದ ಎರಡು ಪ್ರಮುಖ ಸಂಪುಟಗಳಲ್ಲಿ ಇಲ್ಲ, ವ್ಯಭಿಚಾರದಲ್ಲಿ ಹಿಡಿಯಲ್ಪಟ್ಟ ಸ್ತ್ರೀಯ ಪ್ರಸಂಗವು ಯೋಹಾನನ ಸುವಾರ್ತೆಯ ಅತಿ ಹಳೆಯ ಪ್ರತಿಗಳಲ್ಲಿ ಕಾಣುವುದಿಲ್ಲ. ಈ ಸಂಗತಿಯನ್ನು ಯಾರೂ ಮುಚ್ಚಿಟ್ಟಿಲ್ಲ. ಇಂದಿನ ಅನೇಕ ಮುದ್ರಣಗಳ ಅಡಿಟಿಪ್ಪಣಿಯಲ್ಲೇ ಇದು ದಾಖಲಾಗಿದೆ. ಸಂದೇಹವಿರುವ ಸ್ಥಳಗಳು ಯಾವುವೆಂದು ಹೀಗೆ ಬೆರಳಿಟ್ಟು ತೋರಿಸಬಹುದಾದ್ದರಿಂದಲೇ ಉಳಿದ ಭಾಗದ ಮೇಲೆ ನಮಗೆ ಭರವಸೆ ಮೂಡುತ್ತದೆ.

ಹಳೆಯ ಒಡಂಬಡಿಕೆಗೆ ಬಂದರೆ, 1947ರ ಸುಮಾರಿಗೆ ಲವಣಸಮುದ್ರದ ಬಳಿಯ ಕುಮ್ರಾನಿನ ಗವಿಯಲ್ಲಿ ದೊರೆತ ಯೆಶಾಯನ ಸುರುಳಿಯನ್ನು ನೆನಪಿಡಿ. ಏಳು ಮೀಟರಿಗೂ ಉದ್ದವಾದ ಆ ಚರ್ಮದ ಸುರುಳಿ ಕ್ರಿ.ಪೂ. 2ನೇ ಶತಮಾನದ್ದು, ಅಲ್ಲಿಯವರೆಗೆ ಗೊತ್ತಿದ್ದ ಪೂರ್ಣ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಇಷ್ಟು ಅಂತರವಿದ್ದರೂ ನಾವು ಓದುವ ಯೆಶಾಯನೇ ಅದರಲ್ಲಿದ್ದಾನೆ. ವ್ಯತ್ಯಾಸಗಳು ಬಹುಮಟ್ಟಿಗೆ ಕಾಗುಣಿತದವು, ಕೆಲವೆಡೆ ಪದಗಳವು. ಅದೇ ಕುಮ್ರಾನಿನಲ್ಲಿ ಯೆರೆಮೀಯನ ಗ್ರಂಥದ ಚಿಕ್ಕದಾದ ಇನ್ನೊಂದು ಪಾಠದ ತುಣುಕುಗಳೂ ಸಿಕ್ಕಿರುವುದರಿಂದ, ಎಲ್ಲ ಪುಸ್ತಕಗಳ ಇತಿಹಾಸವೂ ಒಂದೇ ತೆರನಾದದ್ದೆಂದು ಮಾತ್ರ ವಾದಿಸಬೇಡಿ.

ಪ್ರಶ್ನೆ: ಪುರಾತತ್ತ್ವಶಾಸ್ತ್ರ ಬೈಬಲನ್ನು ಸಾಬೀತುಪಡಿಸಿದೆ ಎಂಬ ಸಂದೇಶಗಳು ನಮ್ಮ ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತಿರುತ್ತವೆ. ಯಾವುದನ್ನು ನಂಬಬಹುದು? (ಬೀದರಿನ ಓದುಗರು)

ಉತ್ತರ: ಅರರಾಟ್ ಬೆಟ್ಟದಲ್ಲಿ ನೋಹನ ನಾವೆ ಸಿಕ್ಕಿತು, ಕೆಂಪುಸಮುದ್ರದ ತಳದಲ್ಲಿ ಫರೋಹನ ರಥಚಕ್ರಗಳು ಕಂಡವು ಎಂಬಂಥವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಬೈಬಲನ್ನು ನಂಬುವ ಪುರಾತತ್ತ್ವಜ್ಞರೂ ಇವನ್ನು ಒಪ್ಪಿಲ್ಲ. ಸತ್ಯವನ್ನು ಸಾರಬೇಕಾದ ನಾವು ಪರೀಕ್ಷಿಸದ ಸುದ್ದಿಯನ್ನು ಹರಡಿದರೆ ನಮ್ಮ ಸಾಕ್ಷಿಯೇ ಕೆಡುತ್ತದೆ. ಅದರ ಅಗತ್ಯವೂ ಇಲ್ಲ, ಏಕೆಂದರೆ ವಸ್ತುಸಂಗ್ರಹಾಲಯಗಳಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದಾದ ಸಾಕ್ಷ್ಯಗಳು ಸಾಕಷ್ಟಿವೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದದ್ದನ್ನು ಅರಸುಗಳ ಎರಡನೆಯ ಪುಸ್ತಕ ಮತ್ತು ಯೆಶಾಯನ ಗ್ರಂಥ ವಿವರಿಸುತ್ತವೆ. ಅದೇ ದಂಡಯಾತ್ರೆಯನ್ನು ಸನ್ಹೇರೀಬನು ತನ್ನ ಕಡೆಯಿಂದ ಜೇಡಿಮಣ್ಣಿನ ಪಟ್ಟಕಗಳ ಮೇಲೆ ಬರೆಸಿದ್ದಾನೆ. ಯೆಹೂದದ ಅರಸ ಹಿಜ್ಕೀಯನ 46 ಕೋಟೆಯ ಊರುಗಳನ್ನು ಹಿಡಿದೆನೆಂದೂ, ಅವನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದೂ ಅಲ್ಲಿ ಹೇಳಿಕೊಳ್ಳುತ್ತಾನೆ. ಆದರೆ ಯೆರೂಸಲೇಮನ್ನು ಗೆದ್ದೆನೆಂದು ಎಲ್ಲಿಯೂ ಹೇಳುವುದಿಲ್ಲ. ನಿನೆವೆಯ ತನ್ನ ಅರಮನೆಯ ಗೋಡೆಗಳಿಗೆ ಅವನು ಕೆತ್ತಿಸಿದ್ದು ಲಾಕೀಷ್ ಪಟ್ಟಣವನ್ನು ಗೆದ್ದ ದೃಶ್ಯವನ್ನು. ಆ ಶಿಲಾಫಲಕಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ರಾಜಧಾನಿ ಅವನ ಕೈವಶವಾಗಲಿಲ್ಲ ಎಂಬ ಬೈಬಲಿನ ಮಾತನ್ನು ಶತ್ರುವಿನ ದಾಖಲೆಯ ಮೌನವೇ ಬೆಂಬಲಿಸುತ್ತದೆ. ಹಿಜ್ಕೀಯನು ಕೊಟ್ಟ ಕಪ್ಪದ ವಿಷಯದಲ್ಲಿ ಎರಡೂ ಕಡೆ ಬಂಗಾರ 30 ತಲಾಂತು (ಆ ಕಾಲದ ತೂಕದ ಅಳತೆ) ಎಂದೇ ಇದೆ. ಬೆಳ್ಳಿಯನ್ನು ಬೈಬಲ್ 300 ತಲಾಂತೆಂದರೆ ಅಶ್ಶೂರದ ದಾಖಲೆ 800 ಎನ್ನುತ್ತದೆ. ಈ ವ್ಯತ್ಯಾಸಕ್ಕೆ ವಿದ್ವಾಂಸರು ಹಲವು ವಿವರಣೆ ಕೊಟ್ಟಿದ್ದಾರೆ. ನನಗೆ ಮುಖ್ಯವೆನಿಸುವುದೇನೆಂದರೆ, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ, ಮತ್ತು ಹಾಗೆ ಬೇರೆ ಬೇರೆಯಾಗಿ ಬರೆದವರು ಒಂದೇ ಘಟನೆಯ ಮುಖ್ಯಾಂಶಗಳಲ್ಲಿ ಕೂಡಿಬರುತ್ತಾರೆ.

ಹಿಜ್ಕೀಯನು ಪಟ್ಟಣದೊಳಕ್ಕೆ ನೀರು ತಂದನೆಂಬ ಮಾತಿಗೆ (2 ಅರಸುಗಳು 20:20) ಯೆರೂಸಲೇಮಿನ ಬಂಡೆಯಲ್ಲಿ ಕೊರೆದ, 500 ಮೀಟರಿಗೂ ಉದ್ದವಾದ ಸುರಂಗವನ್ನು ಹೆಚ್ಚಿನ ವಿದ್ವಾಂಸರು ತೋರಿಸುತ್ತಾರೆ. ಎರಡು ಕಡೆಯಿಂದ ಕೊರೆಯುತ್ತಾ ಬಂದ ಕೆಲಸಗಾರರು ನಡುವೆ ಸಂಧಿಸಿದ್ದನ್ನು ವರ್ಣಿಸುವ ಶಾಸನ 1880ರಲ್ಲಿ ಅದರೊಳಗೆ ಸಿಕ್ಕಿತು, ಅದರಲ್ಲಿ ಅರಸನ ಹೆಸರಿಲ್ಲ. ಇನ್ನು ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪೊಂತ್ಯ ಪಿಲಾತನ ಹೆಸರೂ ಅವನ ಅಧಿಕಾರಸ್ಥಾನವೂ ಕೆತ್ತಿರುವ ಕಲ್ಲು 1961ರಲ್ಲಿ ಕೈಸರೈಯದ ಪುರಾತನ ರಂಗಮಂದಿರದಲ್ಲಿ ದೊರೆಯಿತು.

ಇಂಥ ಸಾಕ್ಷ್ಯಕ್ಕೆ ಒಂದು ಎಲ್ಲೆಯಿದೆ. ಮುತ್ತಿಗೆ ನಡೆಯಿತು, ಪಟ್ಟಣ ಉಳಿಯಿತು ಎಂಬುದನ್ನು ಕಲ್ಲು ಮತ್ತು ಮಣ್ಣು ಹೇಳಬಲ್ಲವು. ಉಳಿಸಿದವನು ಕರ್ತನೇ ಎಂಬುದನ್ನು ನಾವು ನಂಬಿಕೆಯಿಂದ ಅರಿಕೆಮಾಡುತ್ತೇವೆ. ಆ ಅರಿಕೆ ನಿಜವಾದ ಊರಿನ, ನಿಜವಾದ ಅರಸನ, ನಿಜವಾದ ಮುತ್ತಿಗೆಯ ಕುರಿತದ್ದು ಎಂಬುದು ನಮಗೆ ದೊಡ್ಡ ಬಲ.

ಪ್ರಶ್ನೆ: ಸುವಾರ್ತೆಗಳನ್ನು ಬರೆಯುವಷ್ಟರಲ್ಲಿ ದಶಕಗಳು ಕಳೆದಿದ್ದವು. ಅಷ್ಟರಲ್ಲಿ ಯೇಸುವಿನ ಕಥೆ ಬೆಳೆದಿರಬಹುದಲ್ಲವೇ? (ಮೈಸೂರಿನ ಓದುಗರು)

ಉತ್ತರ: ಈ ಪ್ರಶ್ನೆಗೆ ಸುವಾರ್ತೆಗಳಿಗಿಂತ ಮೊದಲು ಪೌಲನ ಪತ್ರಗಳನ್ನು ತೆರೆಯಬೇಕು. ಗಲ್ಲಿಯೋನನು ಅಖಾಯದ ಅಧಿಪತಿಯಾಗಿದ್ದಾಗ ಪೌಲನನ್ನು ಕೊರಿಂಥದಲ್ಲಿ ನ್ಯಾಯಾಸನದ ಮುಂದೆ ತಂದರೆಂದು ಅಪೊಸ್ತಲರ ಕೃತ್ಯಗಳು 18ರಲ್ಲಿದೆ. ಗ್ರೀಸಿನ ಡೆಲ್ಫಿಯಲ್ಲಿ ದೊರೆತ ಕ್ಲೌದ್ಯ ಚಕ್ರವರ್ತಿಯ ಶಾಸನದ ತುಣುಕುಗಳಲ್ಲಿ ಇದೇ ಗಲ್ಲಿಯೋನನ ಹೆಸರಿದ್ದು, ಅವನ ಅಧಿಕಾರಾವಧಿ ಕ್ರಿ.ಶ. 51ರ ಆಸುಪಾಸೆಂದು ಅದರಿಂದ ನಿರ್ಧಾರವಾಗುತ್ತದೆ. ಅದಾಗಿ ಕೆಲವೇ ವರ್ಷಗಳಲ್ಲಿ ಪೌಲನು ಕೊರಿಂಥದವರಿಗೆ ಮೊದಲನೆಯ ಪತ್ರ ಬರೆದನು. ಎಂದರೆ ಯೇಸು ಶಿಲುಬೆಗೇರಿ ಸುಮಾರು ಇಪ್ಪತ್ತೈದು ವರ್ಷಗಳೊಳಗೆ. ಆ ಪತ್ರದ 15ನೆಯ ಅಧ್ಯಾಯದಲ್ಲಿ ಯೇಸುವಿನ ಮರಣ, ಹೂಣಿಡುವಿಕೆ, ಪುನರುತ್ಥಾನಗಳ ಸಂಗತಿಯನ್ನು ತಾನು ಇತರರಿಂದ ಹೊಂದಿ ಅವರಿಗೆ ಒಪ್ಪಿಸಿದ್ದೆನೆಂದು ಅವನು ನೆನಪಿಸುತ್ತಾನೆ. ಅದು ಅವನಿಗಿಂತಲೂ ಹಿಂದಿನ ಸಾಕ್ಷಿ ಎಂದಾಯಿತು. ಎದ್ದು ಬಂದ ಕರ್ತನನ್ನು ಒಟ್ಟಿಗೆ ಕಂಡ ಐನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆಂದೂ ಅಲ್ಲಿಯೇ ಸೇರಿಸುತ್ತಾನೆ. ಕಂಡವರು ಬದುಕಿರುವಾಗಲೇ, ಟೀಕಿಸುವವರೂ ಇದ್ದ ಸಭೆಗೆ, ಹೀಗೆ ಬರೆಯುವುದು ಹಗುರವಾದ ಮಾತಲ್ಲ.

ಆ ಸಾಕ್ಷಿಗಳ ಪಟ್ಟಿಯಲ್ಲಿ ಯಾಕೋಬನ ಹೆಸರಿದೆ. ಯೇಸುವಿನ ತಮ್ಮಂದಿರು ಮೊದಲು ಆತನನ್ನು ನಂಬಲಿಲ್ಲವೆಂದು ಯೋಹಾನ 7:5 ಮರೆಮಾಚದೆ ಹೇಳುತ್ತದೆ. ಕರ್ತನ ತಮ್ಮನಾದ ಈ ಯಾಕೋಬನನ್ನು ಯೆರೂಸಲೇಮಿನಲ್ಲಿ ತಾನೇ ಕಂಡೆನೆಂದು ಪೌಲನು ಗಲಾತ್ಯದವರಿಗೆ ಬರೆದಿದ್ದಾನೆ. ಕ್ರೈಸ್ತನಲ್ಲದ ಯೆಹೂದಿ ಇತಿಹಾಸಕಾರ ಜೋಸೆಫಸ್, "ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ" ಎಂದೇ ಅವನನ್ನು ಗುರುತಿಸಿ, ಕ್ರಿ.ಶ. 62ರ ಸುಮಾರಿನಲ್ಲಿ ಮಹಾಯಾಜಕ ಅನ್ನಾನನು ಅವನನ್ನು ಕಲ್ಲೆಸೆದು ಕೊಲ್ಲಿಸಿದ್ದನ್ನು ದಾಖಲಿಸಿದ್ದಾನೆ.