ಕತೆಯೊಳಗಿನ ತೋಳ ತೋಳವಾಗಿಯೇ ಇರಲಿ

ಪತ್ರದ ಸಾರ: ಜಗಳೂರು ತಾಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮೇಷ್ಟ್ರು ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಚಳ್ಳಕೆರೆ ಕಡೆಯ ಕುರಿಗಾಹಿಯೊಬ್ಬರು ಹೇಳಿದ ತೋಳದ ಕತೆಯನ್ನು ನಾವು ಅಚ್ಚು ಹಾಕಿದ್ದೆವು. ಹಾಡಹಗಲೇ ಮಂದೆಗೆ ನುಗ್ಗಿದ ತೋಳ ಒಂದು ಕುರಿಮರಿ ಕಚ್ಚಿಕೊಂಡು ಓಡುತ್ತದೆ. ಬೆನ್ನು ಹತ್ತಿದ ಕುರಿಗಾಹಿಗೆ ಹಳ್ಳದ ದಂಡೆಯ ಪೊದೆಯಲ್ಲಿ ತೋಳದ ಮರಿಗಳು ಕಾಣುತ್ತವೆ. ಅವರು ಅವುಗಳನ್ನು ಮುಟ್ಟದೆ ವಾಪಸ್ ಬರುತ್ತಾರೆ. ಅವತ್ತು ಸಂಜೆಯೇ ಮಂದೆಯನ್ನು ಬೇರೆ ಊರಿನ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಅಷ್ಟೇ ಕತೆ. ಮೇಷ್ಟ್ರು ಇದನ್ನು ತರಗತಿಯಲ್ಲಿ ಓದಿ ಹೇಳಿದಾಗ ಮಕ್ಕಳು "ಇದರ ನೀತಿ ಏನು ಸಾರ್?" ಎಂದರಂತೆ. ಒಬ್ಬ ಹುಡುಗ ಮಾತ್ರ ಸಿಟ್ಟಾಗಿ, "ನಮ್ಮಪ್ಪನ ಕುರಿ ತಿಂದ ತೋಳಕ್ಕೆ ಯಾಕೆ ಕರುಣೆ ತೋರಿಸಬೇಕು?" ಎಂದು ಕೇಳಿದನಂತೆ. ಪ್ರಾಣಿಗಳಿಗೆ ಮನುಷ್ಯರ ಭಾವನೆ ಅಂಟಿಸಿ ಬರೆಯುವುದು ಸುಳ್ಳಲ್ಲವೇ ಎಂದು ಮೇಷ್ಟ್ರು ಕೊನೆಗೆ ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದವನ್ನು ದಾವಣಗೆರೆಯ ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದ್ದೇವೆ. ಕತೆಯ ಕೊನೆಗೆ ನೀತಿ ಹಾಕದೆ ಬಿಟ್ಟಿದ್ದು ಬೇಕೆಂದೇ. ಆ ಕುರಿಗಾಹಿ ನಮಗೆ ನೀತಿ ಹೇಳಲಿಲ್ಲ. ಅವರು ಹೇಳಿದ್ದು ತಾವು ಕಂಡದ್ದನ್ನು. ಅದರ ಬಾಲಕ್ಕೆ ನಾವು "ಆದ್ದರಿಂದ ಮಕ್ಕಳೇ" ಎಂದು ಒಂದು ಸಾಲು ಕಟ್ಟಿದ್ದರೆ, ಮಕ್ಕಳು ಆ ಸಾಲನ್ನು ಬಾಯಿಪಾಠ ಮಾಡಿ ತೋಳವನ್ನು ಮರೆತುಬಿಡುತ್ತಿದ್ದರು.

ನೀತಿ ಕೇಳಿದ ಮಕ್ಕಳಿಗೆ ನೀವು ತಿರುಗಿ ಪ್ರಶ್ನೆ ಕೇಳಿ ನೋಡಿ. ತೋಳ ಸಾಮಾನ್ಯವಾಗಿ ಕತ್ತಲಾದ ಮೇಲೆ ಬರುತ್ತದೆ, ಇದು ಹಗಲಲ್ಲೇ ಯಾಕೆ ಬಂತು? ಹಿಡಿದ ಮರಿಯನ್ನು ಅಲ್ಲೇ ತಿನ್ನದೆ ನೇರ ಹಳ್ಳದ ಕಡೆಗೇ ಯಾಕೆ ಓಡಿತು? ಕುರಿಗಾಹಿಗೆ ಅದು ಹೋಗುವ ದಿಕ್ಕು ನೋಡಿದಾಗಲೇ ಮರಿ ಹಾಕಿರಬೇಕು ಎಂದು ಅನುಮಾನ ಬಂದಿತ್ತಲ್ಲ, ಹೇಗೆ? ತೋಳದ ಮರಿಗಳು ಹುಟ್ಟುವಾಗ ಕಣ್ಣು ಬಿಟ್ಟಿರುವುದಿಲ್ಲ. ಮೊದಲು ತಾಯಿ ಹಾಲು, ಆಮೇಲೆ ದೊಡ್ಡವು ಹೊಟ್ಟೆ ತುಂಬ ಮಾಂಸ ತಿಂದು ಬಂದು ಮರಿಗಳ ಮುಂದೆ ಕಕ್ಕುತ್ತವೆ. ಮರಿಗಳು ದೊಡ್ಡವುಗಳ ಬಾಯಿ ನೆಕ್ಕಿ ನೆಕ್ಕಿ ಬೇಡುತ್ತವೆ. ಇದರಲ್ಲಿ ಅಪ್ಪ ತೋಳವೂ ಪಾಲುಗಾರ. ಈ ಸಮಯದಲ್ಲಿ ತೋಳಕ್ಕೆ ಧೈರ್ಯ ಜಾಸ್ತಿ, ದುಡಿಮೆಯೂ ಜಾಸ್ತಿ. ಆ ಜಾಗದಲ್ಲಿ ಮಂದೆ ನಿಲ್ಲಿಸಿದರೆ ನಾಳೆಯೂ ಒಂದು ಮರಿ ಹೋಗುತ್ತದೆ ಎಂಬುದು ಕುರಿಗಾಹಿಗೆ ಗೊತ್ತು. ಅದಕ್ಕೇ ಮಂದೆ ಎಬ್ಬಿಸಿದರು. ಅವರು ತೋಳಕ್ಕೆ ಉಪಕಾರ ಮಾಡಲು ಹೊರಟಿರಲಿಲ್ಲ, ತಮ್ಮ ಕುರಿ ಉಳಿಸಿಕೊಂಡರು. ಇಷ್ಟು ಮಾತು ತರಗತಿಯಲ್ಲಿ ಆದರೆ ಸಾಕು, ನೀತಿ ಇಲ್ಲ ಎಂಬ ಕೊರತೆ ಯಾರಿಗೂ ಕಾಣುವುದಿಲ್ಲ.

ನೀತಿಕತೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಂಚತಂತ್ರ ಹುಟ್ಟಿದ್ದೇ ರಾಜಕುಮಾರರಿಗೆ ಲೋಕವ್ಯವಹಾರ ಕಲಿಸಲು. ಸಿಂಹ ಅಲ್ಲಿ ದೊರೆ, ನರಿ ಆಸ್ಥಾನದ ಚಾಡಿಕೋರ. ಮನುಷ್ಯರು ಹೇಗಿರುತ್ತಾರೆ ಎಂದು ತಿಳಿಯಲು ಇಂಥ ಪಾಠ ಬೇರೆ ಸಿಗಲಾರದು. ಆದರೆ ನರಿ ಹೇಗಿರುತ್ತದೆ ಎಂದು ಅದರಿಂದ ತಿಳಿಯುವುದಿಲ್ಲ. ನಮ್ಮ ಬಯಲಿನ ನಿಜವಾದ ನರಿ ಜೋಡಿಯಾಗಿ ಬದುಕುತ್ತದೆ. ಗಂಡು ಹೆಣ್ಣು ಸೇರಿ ಮರಿ ಸಾಕುತ್ತವೆ. ಹಿಂದಿನ ಸೂಲಿನ ಮರಿಗಳು ಎಷ್ಟೋ ಸಲ ಮನೆಯಲ್ಲೇ ಉಳಿದು ಹೊಸ ಸೂಲಿನ ತಮ್ಮಂದಿರು, ತಂಗಿಯರನ್ನು ನೋಡಿಕೊಳ್ಳುತ್ತವೆ. ಇಲಿ ತಿನ್ನುತ್ತವೆ, ಬೋರೆಹಣ್ಣು ತಿನ್ನುತ್ತವೆ, ಆ ಬೀಜ ಎಲ್ಲೆಲ್ಲೋ ಬಿದ್ದು ಹುಟ್ಟುತ್ತದೆ. ಐದನೇ ತರಗತಿ ಮುಗಿಸಿದ ಮಗುವಿಗೆ ನರಿ ಮೋಸಗಾರ ಎಂಬುದಷ್ಟೇ ಗೊತ್ತಿದ್ದರೆ, ಆ ಮಗುವಿಗೆ ನಾವು ಅರ್ಧ ಮಾತ್ರ ಹೇಳಿದ್ದೇವೆ.

ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಕನ್ನಡದ ಮಕ್ಕಳು ಪ್ರಾಣಿಗಳಿಗಾಗಿ ಮೊದಲು ಅಳುವುದು ಅಲ್ಲೇ. ಸತ್ಯದ ಮಹಿಮೆ ಎಂದು ನಾವು ಪಾಠ ಮಾಡುತ್ತೇವೆ, ಸರಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಾಡಿನ ಆರಂಭ. ಗೊಲ್ಲ ತನ್ನ ಹಸುಗಳನ್ನು ಹೆಸರು ಹಿಡಿದು ಒಂದೊಂದನ್ನೇ ಕರೆಯುತ್ತಾನೆ. ಅವು ಬರುತ್ತವೆ. ದನ ಕಾದವರು ಮಾತ್ರ ಕಟ್ಟಬಲ್ಲ ಹಾಡು ಅದು. ನಮ್ಮ ಸೀಮೆಯ ಕಾಡುಗೊಲ್ಲರು ದೇವರೆಂದು ಪೂಜಿಸುವ ಜುಂಜಪ್ಪನ ಕತೆಯಲ್ಲೂ ಇದೇ ಇದೆ. ಅವನು ಗಣೆ, ಅಂದರೆ ಉದ್ದನೆಯ ಬಿದಿರಿನ ಕೊಳಲು, ಊದಿದರೆ ಚದುರಿದ ದನ ಸೇರುತ್ತವೆ. ಇಂದಿಗೂ ಗೊಲ್ಲರಹಟ್ಟಿಗಳಲ್ಲಿ ಗಣೆ ಎಂದರೆ ಜುಂಜಪ್ಪನ ಗಣೆಯೇ.

ಗೋವಿನ ಹಾಡಿನ ಹುಲಿಯ ವಿಷಯಕ್ಕೂ ಬರಬೇಕು. ಅದು ಕೊನೆಗೆ ಪ್ರಾಣ ಬಿಡುತ್ತದೆ. "ಹುಲಿ ಯಾಕೆ ಸಾಯಬೇಕಿತ್ತು? ಅದಕ್ಕೆ ಹಸಿವಾಗಿತ್ತಲ್ವಾ?" ಎಂದು ಕೇಳುವ ಮಗು ಪ್ರತಿ ತರಗತಿಯಲ್ಲೂ ಒಂದು ಇರುತ್ತದೆ. ಆ ಮಗುವನ್ನು ದಯವಿಟ್ಟು ಸುಮ್ಮನಿರಿಸಬೇಡಿ. ಹುಲಿ ಹುಲ್ಲು ತಿನ್ನಲಾರದು. ಹಸಿವು ಅದರ ಪಾಪವಲ್ಲ. ಹಸುವನ್ನು ಪ್ರೀತಿಸುತ್ತಲೇ ಹುಲಿಯ ಹಸಿವನ್ನೂ ಒಪ್ಪಿಕೊಳ್ಳುವುದು ಕಷ್ಟದ ಕೆಲಸ. ಆದರೆ ಪ್ರಕೃತಿಯ ಪಾಠ ಎನ್ನುವುದು ಏನಾದರೂ ಇದ್ದರೆ ಶುರುವಾಗುವುದು ಅಲ್ಲಿಂದಲೇ ಎಂದು ನಾನು ನಂಬಿದ್ದೇನೆ.

ಭಾವನೆ ಅಂಟಿಸುವ ಪ್ರಶ್ನೆ. ನಮ್ಮಲ್ಲಿ ಬರುವ ಪ್ರತಿ ಪ್ರಾಣಿ ಕತೆಗೂ ಒಂದು ಪರೀಕ್ಷೆ ಇದೆ: ಇದರಲ್ಲಿ ಕಂಡದ್ದು ಎಷ್ಟು, ಊಹಿಸಿದ್ದು ಎಷ್ಟು? ಈಚೆಗೆ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿಗಳ (ನಾಲ್ಕು ಕೊಂಬಿನ ಕಾಡುಜಿಂಕೆಯಂಥ ಪ್ರಾಣಿ) ಮೇಲೆ ಒಂದು ಕತೆ ಬಂತು. ಭಾಷೆ ಚೆನ್ನಾಗಿತ್ತು. ಕೊಂಡುಕುರಿಗಳ ದೊಡ್ಡ ಹಿಂಡೊಂದು ಸಭೆ ಸೇರಿ, ಬೇಟೆಗಾರರ ಬಗ್ಗೆ ಚರ್ಚಿಸಿ, ಮುಖಂಡನನ್ನು ಆರಿಸುತ್ತದೆ. ನಾವು ವಾಪಸ್ ಕಳಿಸಿದೆವು. ಕೊಂಡುಕುರಿ ಹಿಂಡು ಕಟ್ಟುವ ಪ್ರಾಣಿಯೇ ಅಲ್ಲ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ, ಮರಿ ಇದ್ದರೆ ಮರಿಯ ಜೊತೆ ಇರುತ್ತದೆ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ಚಿಕ್ಕವು, ಹೆಣ್ಣಿಗೆ ಕೊಂಬೇ ಇಲ್ಲ. ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅಂಜುಬುರುಕ ಪ್ರಾಣಿ, ಕುರುಚಲಿನಲ್ಲಿ ಅಲ್ಲಾಡದೆ ನಿಂತರೆ ಹತ್ತಿರ ಹೋದರೂ ಕಾಣುವುದಿಲ್ಲ. ನಿಮ್ಮ ತಾಲೂಕಿನಲ್ಲೇ ಇರುವ ಆ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿ ಧಾಮ ಎಂದು ಘೋಷಿಸಿದರು. ಅದರ ಒಂಟಿತನ, ಅದರ ಎಚ್ಚರ, ನೀರಿಗಾಗಿ ಅದು ಪಡುವ ಪಾಡು, ಇಷ್ಟರಲ್ಲೇ ಒಂದು ಕತೆ ಇದೆ. ಸಭೆ ಬೇಕಾಗಿಲ್ಲ.

ಹಾಗಂತ ಪ್ರಾಣಿಗೆ ನೋವು, ಭಯ, ಅಕ್ಕರೆ ಇಲ್ಲ ಎನ್ನಲು ಆಗುತ್ತದೆಯೇ? ಕರು ಸತ್ತ ಹಸು ಮೇವು ಮುಟ್ಟದೆ ಕೂಗುವುದನ್ನು ನಿಮ್ಮ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅದನ್ನು ಬರೆಯುವುದು ಸುಳ್ಳಲ್ಲ. ಹಸು ಎಷ್ಟು ದಿನ ಕೂಗಿತು, ಯಾವ ಕಡೆ ಮುಖ ಮಾಡಿ ನಿಂತಿತು, ಮತ್ತೆ ಯಾವಾಗ ನೀರು ಕುಡಿಯಿತು, ಅಷ್ಟು ಬರೆಯಿರಿ. ಅದರ ಮನಸ್ಸಿನ ಭಾಷಣ ಮಾತ್ರ ಬೇಡ.

ಪ್ರಾಣಿ ಕತೆ ಬರೆಯುವವರಿಗೆ ನಾನು ಯಾವಾಗಲೂ ಆತಕೂರಿನ ಕಲ್ಲಿನ ಬಗ್ಗೆ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಈ ಶಾಸನ 10ನೇ ಶತಮಾನದ್ದು, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಕಾಲದ್ದು. ಮಣಲೆರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿ ಒಡೆಯ "ಏನು ಬೇಕು ಕೇಳು" ಎನ್ನುತ್ತಾನೆ. ಮಣಲೆರ ಕಾಳಿ ಎಂಬ ಬೇಟೆನಾಯಿಯನ್ನು ಕೇಳುತ್ತಾನೆ. ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಹಂದಿಯೂ ನಾಯಿಯೂ ಎರಡೂ ಸಾಯುತ್ತವೆ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡುತ್ತಾರೆ. ಪೂಜೆ ಮಾಡದೆ ಉಂಡರೆ ಪೂಜಾರಿಗೆ ಆ ನಾಯಿಯ ಪಾಪ ತಟ್ಟುತ್ತದೆ ಎಂದೂ ಕೆತ್ತಿಸುತ್ತಾರೆ. ಕಲ್ಲಿನ ಮೇಲೆ ನಾಯಿ ಹಂದಿ ಎದುರುಬದುರು ಕಾದಾಡುತ್ತಿರುವ ಚಿತ್ರ ಇದೆ. ಈಗ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಏನು ಅಂದುಕೊಂಡಿತು ಎಂದು ಆ ಶಾಸನದಲ್ಲಿ ಒಂದು ಮಾತೂ ಇಲ್ಲ. ಅದರ ಹೆಸರು ಇದೆ, ಅದು ಮಾಡಿದ ಕೆಲಸ ಇದೆ, ಬದುಕಿರುವವರು ಅದಕ್ಕೆ ಏನು ಸಲ್ಲಿಸಬೇಕು ಎಂಬ ಕಟ್ಟಳೆ ಇದೆ.

ಈ ಕಟ್ಟಳೆಯ ಮಾತು ನನಗೆ ಮುಖ್ಯ. ಪ್ರಾಣಿ ಮೇಲೆ ಪ್ರೀತಿ ಇರಲಿ ಎಂದು ಹೇಳುವುದು ಸುಲಭ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡ ಸಮುದಾಯದವರು ದೇವರಿಗೆಂದು ಬಿಟ್ಟ ಎತ್ತುಗಳನ್ನು ನೋಡಿ. ಅವಕ್ಕೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಹಗಲು ರಾತ್ರಿ ಅವುಗಳ ಜೊತೆಗೇ ಇದ್ದು ಮೇಯಿಸಲು ಕಿಲಾರಿ ಇರುತ್ತಾನೆ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಬರಗಾಲದಲ್ಲಿ ಮೇವು ಹೊಂದಿಸಲು ಇಡೀ ಕಟ್ಟೆಮನೆಯವರು, ಅಂದರೆ ಆ ದೇವರ ಒಕ್ಕಲಿನವರೆಲ್ಲ, ಓಡಾಡುತ್ತಾರೆ. ಭಕ್ತಿ ಇದೆ, ನಿಜ. ಆದರೆ ಇವತ್ತು ಯಾರು ಮೇಯಿಸಬೇಕು, ಮೇವು ಯಾರ ಹೊಲದಿಂದ ಬರಬೇಕು ಎಂಬ ಲೆಕ್ಕ ಗಟ್ಟಿ ಇರುವುದರಿಂದಲೇ ಆ ಎತ್ತುಗಳು ಉಳಿದಿವೆ. ಮಕ್ಕಳಿಗೆ ಕಿಲಾರಿಯ ಒಂದು ದಿನದ ಕತೆ ಹೇಳಿದರೆ, ಪ್ರಾಣಿದಯೆ ಮೇಲೆ ಹತ್ತು ಪ್ರಬಂಧ ಬರೆಸಿದ್ದಕ್ಕಿಂತ ಜಾಸ್ತಿ ತಲೆಗೆ ಹೋಗುತ್ತದೆ.

ಇನ್ನು ಆ ಹುಡುಗ. ನಿಮ್ಮ ಕಾಗದದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅವನ ಮಾತು. ಅವನ ಸಿಟ್ಟು ನ್ಯಾಯವಾದದ್ದು. ಒಂದು ಕುರಿ ಎಂದರೆ ಆ ಮನೆಗೆ ಶಾಲೆಯ ಖರ್ಚು, ಆಸ್ಪತ್ರೆಯ ಖರ್ಚು, ಹಬ್ಬದ ಬಟ್ಟೆ. ಕಾಡುಪ್ರಾಣಿ ಸಾಕುಪ್ರಾಣಿಯನ್ನು ಕೊಂದರೆ ಸರ್ಕಾರದಿಂದ ಪರಿಹಾರ ಉಂಟು. ಆದರೆ ತೋಳ ಮರಿಯನ್ನು ಹೊತ್ತುಕೊಂಡೇ ಹೋದರೆ ತೋರಿಸಲು ಕಳೇಬರ ಎಲ್ಲಿಂದ ತರುವುದು? ತೋಳವನ್ನು ಕೊಲ್ಲುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಅದು ಹುಲಿಯ ಜೊತೆಗೇ ಇದೆ. ನಷ್ಟವೆಲ್ಲ ಕುರಿಗಾಹಿಯ ತಲೆಗೇ ಬರುತ್ತಿರುವಾಗ, ಅವನ ಮಗನಿಗೆ ಕರುಣೆ ಬೋಧಿಸುವ ಹಕ್ಕು ಪಟ್ಟಣದಲ್ಲಿ ಕೂತ ನಮಗಿಲ್ಲ.

ಆದರೆ ತೋಳ ಕುರಿಗೆ ಬಾಯಿ ಹಾಕುವುದರ ಹಿಂದೆಯೂ ಒಂದು ಕತೆ ಇದೆ, ಅದನ್ನು ಆ ಹುಡುಗ ತಿಳಿಯಬೇಕು. ತೋಳ ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲಿನದು. ನಮ್ಮ ಕಡೆ ಅದರ ಬಯಲು ಎಂದರೆ ಕಾವಲು, ಗೋಮಾಳ, ಕುರುಚಲು ಗುಡ್ಡ. ಮೈಸೂರು ಅರಸರು, ಆಮೇಲೆ ಹೈದರ್, ಟಿಪ್ಪು ದನಗಳಿಗಾಗಿ ಕಾಯ್ದಿಟ್ಟ ಅಮೃತಮಹಲ್ ಕಾವಲುಗಳಲ್ಲಿ ಹುಲ್ಲು ಎದೆಯುದ್ದ ಬೆಳೆಯುತ್ತಿತ್ತು. ಫಿರಂಗಿ ಗಾಡಿ ಎಳೆದ ಆ ದನದ ಮೂಲ ತಳಿಗಳಲ್ಲಿ ಹಳ್ಳಿಕಾರ್, ಹಾಗಲವಾಡಿಯ ಜೊತೆ ನಮ್ಮ ಚಿತ್ರದುರ್ಗದ್ದೂ ಒಂದು. ಆ ಹುಲ್ಲಿನಲ್ಲೇ ಕೃಷ್ಣಮೃಗ, ಮೊಲ, ತೋಳ ಬದುಕಿದ್ದವು. ಕುರಿಗಳೂ ಅಲ್ಲೇ ಮೇಯುತ್ತಿದ್ದವು. ಈಗ ಗೋಮಾಳಗಳು ಮೆಕ್ಕೆಜೋಳದ ಹೊಲಗಳಾಗಿವೆ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ಸಂಶೋಧನಾ ಸಂಸ್ಥೆಗಳಿಗೆ ಹಂಚಿಕೆಯಾಗಿ ಗೋಡೆ ಎದ್ದಿತು. ಗೋಡೆ ವಿರುದ್ಧ ಸುತ್ತಲ ಹಳ್ಳಿಯ ಕುರಿಗಾಹಿಗಳು ಹೋರಾಡಿದ್ದು ನಿಮಗೆ ನೆನಪಿರಬಹುದು. ಜಿಂಕೆ ಹೋದವು, ಹುಲ್ಲು ಹೋಯಿತು. ಉಳಿದ ಚೂರು ಬಯಲಿನಲ್ಲಿ ತೋಳವೂ ಕುರಿಯೂ ಒತ್ತಿಕೊಂಡು ಇರಬೇಕಾಗಿದೆ. ಹುಡುಗನ ಅಪ್ಪನಿಗೂ ಆ ತೋಳಕ್ಕೂ ಕೈತಪ್ಪಿದ್ದು ಒಂದೇ ನೆಲ. ಇದನ್ನು ಕತೆಯಾಗಿ ಹೇಳಿ, ಉಪದೇಶವಾಗಿ ಬೇಡ. ಅವನು ಸಿಟ್ಟು ಬಿಡಲೇಬೇಕು ಎಂದೇನೂ ಇಲ್ಲ. ಸಿಟ್ಟು ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಸಲ್ಲಲಿ.

ನನ್ನದೊಂದು ಬೇಡಿಕೆ ಇದೆ, ಮೇಷ್ಟ್ರೇ. ಆ ಹುಡುಗನಿಂದಲೇ ಒಂದು ಕತೆ ಬರೆಸಿ. ತೋಳ ತಿಂದ ಕುರಿಯ ಕತೆ. ಅದಕ್ಕೆ ಹೆಸರಿತ್ತೇ, ಬಣ್ಣ ಯಾವುದು, ಎಷ್ಟು ಸೂಲಿನದು? ಅವತ್ತು ರೊಪ್ಪದ ಮುಳ್ಳುಬೇಲಿ ಹೇಗಿತ್ತು, ನಾಯಿಗಳು ಎಲ್ಲಿದ್ದವು, ಬೊಗಳಿದವೇ? ಉಳಿದ ಕುರಿಗಳು ಏನು ಮಾಡಿದವು? ಅಪ್ಪ ಮನೆಗೆ ಬಂದು ಏನು ಹೇಳಿದರು? ತೋಳವನ್ನು ಅವನು ಕಣ್ಣಾರೆ ನೋಡಿದ್ದರೆ ಅದು ಹೇಗಿತ್ತು? ಬೈಯಬೇಕು ಅನಿಸಿದರೆ ಬೈಯಲಿ. ನಮ್ಮ ಕುರಿಗಾಹಿಯ ಕತೆ ಬಂದ ಪುಟದಲ್ಲೇ ಇದನ್ನೂ ಹಾಕುತ್ತೇವೆ, ಕೆಳಗೆ ನಮ್ಮ ಟಿಪ್ಪಣಿ ಏನೂ ಇರುವುದಿಲ್ಲ. ಮುಂದಿನ ಸಂಚಿಕೆಗೆ ಬರಬೇಕೆಂದರೆ ತಿಂಗಳ 20ರೊಳಗೆ ನಮ್ಮ ಕೈಸೇರಲಿ. ಅವನು ತೋಳದ ಚಿತ್ರ ಬರೆದರೆ ಅದನ್ನೂ ಕಳಿಸಿ. ಕಾಗುಣಿತ ನೀವು ತಿದ್ದಲು ಹೋಗಬೇಡಿ, ಅದು ನಮ್ಮ ಕೆಲಸ. ಅವನು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದರೆ ಅದನ್ನಂತೂ ಯಾರೂ ಮುಟ್ಟುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ